ನೋಡುವ ರಾಜಕೀಯ ಒಂದು, ವೋಟು ಹಾಕುವುದು ಇನ್ನೊಂದಕ್ಕೆ

ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಕನ್ನಡದ ಕಡೆ, ಮಂಜೇಶ್ವರದಿಂದ ಬದಿಯಡ್ಕದವರೆಗೆ ಯಾವ ಹೋಟೆಲಿನಲ್ಲಿ ಬೇಕಾದರೂ ಕೂತು ಕೇಳಿ ನೋಡಿ. ಕರ್ನಾಟಕದಲ್ಲಿ ಮುಖ್ಯಮಂತ್ರಿ ಕುರ್ಚಿಯ ಮೇಲೆ ಯಾರ ಕಣ್ಣು, ಖಾತೆ ಸಿಗಲಿಲ್ಲವೆಂದು ಯಾರಿಗೆ ಮುನಿಸು, ಮಂಗಳೂರು ಕಡೆ ಮುಂದಿನ ಸಲ ಯಾರಿಗೆ ಟಿಕೆಟ್ ಡೌಟು, ಎಲ್ಲ ಗೊತ್ತಿರುತ್ತದೆ. ಚಾ ಮುಗಿಯುವುದರೊಳಗೆ ಒಂದು ಸರ್ಕಾರ ಬಿದ್ದು ಇನ್ನೊಂದು ಬಂದಿರುತ್ತದೆ. ಅದೇ ಮೇಜಿನಲ್ಲಿ ಸುಮ್ನೆ ಇನ್ನೊಂದು ಪ್ರಶ್ನೆ ಹಾಕಿ. "ನಿಮ್ಮ ಬ್ಲಾಕ್ ಪಂಚಾಯತು ಮೆಂಬರ್ ಯಾರು?" ಒಬ್ಬರು ಇನ್ನೊಬ್ಬರ ಮುಖ ನೋಡುತ್ತಾರೆ. "ಹೋದ ಸಲ ಒಬ್ಬ ಇದ್ದನಲ್ಲ, ಉದ್ದಕ್ಕೆ..." ಎಂದು ಯಾರೋ ಶುರು ಮಾಡುತ್ತಾರೆ. ಅಲ್ಲಿಗೆ ನಿಲ್ಲುತ್ತದೆ.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನಾವು ಓದುವ ಪೇಪರು ಕನ್ನಡದ್ದು. ಮನೆಯಲ್ಲಿ ಹಾಕುವ ಟಿವಿ ಚಾನೆಲ್ ಬೆಂಗಳೂರಿನದ್ದು. ಮಂಗಳೂರು ಇಲ್ಲೇ ಪಕ್ಕದಲ್ಲಿ. ಬೆಳಗ್ಗೆ ಹೋಗಿ ಡಾಕ್ಟರಿಗೆ ತೋರಿಸಿ, ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ತಿರುವನಂತಪುರಕ್ಕೆ ಹೋಗಬೇಕಾದರೆ ಸಂಜೆ ಮಾವೇಲಿ ರೈಲು ಹತ್ತಿ ರಾತ್ರಿಯಿಡೀ ಮಲಗಿಯೇ ಹೋಗಬೇಕು. ಹತ್ತಿರ ಹತ್ತಿರ ಆರುನೂರು ಕಿಲೋಮೀಟರು. ಕೇರಳದ 140 ವಿಧಾನಸಭಾ ಕ್ಷೇತ್ರಗಳಲ್ಲಿ ಮಂಜೇಶ್ವರದ್ದು ಒಂದನೇ ನಂಬರು. ಅಧಿಕಾರ ಇರುವ ಊರಿನಿಂದ ನೋಡಿದರೆ ನಾವೇ ಕಟ್ಟಕಡೆಯವರು.

ಆದರೆ ನನ್ನ ಅಮ್ಮನ ಪೆನ್ಶನ್ ಬೆಂಗಳೂರಿನಿಂದ ಬರುವುದಿಲ್ಲ. ಮನೆ ಕಟ್ಟಲು ಪರ್ಮಿಟ್, ಬಾವಿಗೆ ಸಬ್ಸಿಡಿ, ರೇಷನ್ ಅಕ್ಕಿ, ಶಾಲೆಗೆ ಕನ್ನಡ ಮಾಸ್ಟ್ರು, ಯಾವುದೂ ಅಲ್ಲಿಂದ ಬರುವುದಿಲ್ಲ. ನಾವು ದಿನಾ ಬೈಯುವ, ಹೊಗಳುವ ಮಂತ್ರಿಗಳಿಗೆ ನಮ್ಮ ವೋಟಿಲ್ಲ. ನಮ್ಮ ವೋಟು ತೆಗೆದುಕೊಂಡವರ ಕೆಲಸವನ್ನು ನಾವು ನೋಡುವುದೂ ಇಲ್ಲ. ಇದು ಅವರಿಗೆ ಎಷ್ಟು ಅನುಕೂಲ ಅಂತ ಯೋಚಿಸಿದ್ದೀರಾ?

2020ರ ಮಾರ್ಚ್ ಕೊನೆಗೆ ಇದು ನಮ್ಮ ಮುಖಕ್ಕೇ ಬಂದು ಬಡಿಯಿತು. ಲಾಕ್‌ಡೌನ್ ಆಯಿತು, ತಲಪಾಡಿಯಲ್ಲಿ ಗಡಿ ಬಂದ್. ಗಡಿಯ ಎಷ್ಟೋ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರು. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ರೋಗಿಗಳು ಆಂಬುಲೆನ್ಸಿನಲ್ಲೇ ವಾಪಸು ಬಂದರು. ಕೆಲವರು ತೀರಿಕೊಂಡರು. ಆಗ ನಾವು ಯಾರಿಗೆ ಫೋನ್ ಮಾಡಬೇಕಿತ್ತು? ಕರ್ನಾಟಕದ ಶಾಸಕರಿಗೆ ನಾವು ಮತದಾರರಲ್ಲ. ವಿಷಯ ಕೇರಳ ಹೈಕೋರ್ಟಿಗೆ ಹೋಯಿತು. ಕಾಸರಗೋಡು ಸಂಸದ ರಾಜಮೋಹನ್ ಉಣ್ಣಿತ್ತಾನ್ ಸುಪ್ರೀಂ ಕೋರ್ಟಿಗೆ ಹೋದರು. ಅವರ ಪಕ್ಷ ಯಾವುದು, ಅವರ ಮಾತು ನಮಗೆ ಅರ್ಥ ಆಗುತ್ತದಾ ಎಂಬುದು ಬೇರೆ. ಆ ಹೊತ್ತಿಗೆ ನಮ್ಮ ಪರವಾಗಿ ಸಹಿ ಹಾಕಲು ಹಕ್ಕಿದ್ದ ಮನುಷ್ಯ ಅವರೇ. ನಮ್ಮ ಜಿಲ್ಲೆಯ ಉಕ್ಕಿನಡ್ಕದಲ್ಲಿ 2013ರಲ್ಲಿ ಕಲ್ಲು ಹಾಕಿ ಕುಂಟುತ್ತಿದ್ದ ಮೆಡಿಕಲ್ ಕಾಲೇಜು ಕಟ್ಟಡ ಅದೇ ಏಪ್ರಿಲಿನಲ್ಲಿ ಕೋವಿಡ್ ಆಸ್ಪತ್ರೆಯಾಗಿ ತೆರೆಯಿತು. ಅಷ್ಟು ವರ್ಷ ಅದು ಯಾಕೆ ಮುಗಿದಿರಲಿಲ್ಲ ಎಂದು ಒಬ್ಬೊಬ್ಬ ಶಾಸಕರನ್ನೂ ಹಿಡಿದು ಕೇಳಬೇಕಾದವರು ನಾವೇ ಆಗಿದ್ದೆವು. ಪಕ್ಕದಲ್ಲೇ ಮಂಗಳೂರು ಇತ್ತಲ್ಲ, ಯಾರೂ ಜಾಸ್ತಿ ಕೇಳಲಿಲ್ಲ.

ಸರಿ, ನಮ್ಮವರು ಅಂದರೆ ಯಾರ್ಯಾರು?

ಪಂಚಾಯತು ಚುನಾವಣೆಯ ದಿನ ಬೂತಿಗೆ ಹೋದವರಿಗೆ ನೆನಪಿರುತ್ತದೆ. ಮಷಿನಿನಲ್ಲಿ ಮೂರು ಬಣ್ಣ. ಗ್ರಾಮ ಪಂಚಾಯತಿಗೆ ಬಿಳಿ, ಅದರ ಮೇಲಿನ ಬ್ಲಾಕಿಗೆ ಪಿಂಕ್, ಜಿಲ್ಲಾ ಪಂಚಾಯತಿಗೆ ತಿಳಿ ನೀಲಿ. ಮೂರು ಸಲ ಒತ್ತಿ ಹೊರಗೆ ಬರುತ್ತೇವೆ. ಬಿಳಿಯಲ್ಲಿ ಗೆದ್ದವರು ಗೊತ್ತಿರುತ್ತದೆ, ಯಾಕೆಂದರೆ ಅವರು ಆಚೆ ಮನೆಯವರು. ಪಿಂಕ್ ಮತ್ತು ನೀಲಿ ಚಿಹ್ನೆ ನೋಡಿ ಒತ್ತಿದ್ದು, ಅಷ್ಟೇ. ಆದರೆ ಸರ್ಕಾರಿ ಹೈಸ್ಕೂಲಿನ ಕಟ್ಟಡ ಸೋರಿದರೆ ಅದು ನೀಲಿಯವರ ಲೆಕ್ಕ. ಎಲ್‌ಪಿ, ಯುಪಿ ಎನ್ನುವ ಪ್ರೈಮರಿ ಶಾಲೆ, ಅಂಗನವಾಡಿ, ಕೃಷಿ ಭವನ, ಮೃಗಾಸ್ಪತ್ರೆ ಇವೆಲ್ಲ ಬಿಳಿಯವರ ಕೈಯಲ್ಲಿ. ಹೈಸ್ಕೂಲಿನ ಶೌಚಾಲಯದ ಬಗ್ಗೆ ವಾರ್ಡ್ ಮೆಂಬರಿಗೆ ಬೈದು ಬಂದವರನ್ನು ನಾನು ಬಹಳ ನೋಡಿದ್ದೇನೆ. ಆ ಮೆಂಬರ್ ಪಾಪ "ನೋಡುವ" ಅನ್ನುತ್ತಾರೆ. ನೋಡುವುದು ಬಿಟ್ಟು ಅವರಿಂದ ಇನ್ನೇನೂ ಆಗುವುದಿಲ್ಲ.

ವಿಲೇಜ್ ಆಫೀಸು ಮತ್ತು ಪಂಚಾಯತು ಆಫೀಸಿನದ್ದು ಇನ್ನೊಂದು ಗೋಜಲು. ಜಾಗದ ತೀರ್ವೆ ಅಂದರೆ ಭೂಕಂದಾಯ, ಆದಾಯ ಸರ್ಟಿಫಿಕೇಟು, ಪೊಸೆಶನ್ ಸರ್ಟಿಫಿಕೇಟು ವಿಲೇಜ್ ಆಫೀಸಿನಲ್ಲಿ. ಅದು ಕಂದಾಯ ಇಲಾಖೆ. ಅಲ್ಲಿ ಚುನಾಯಿತರು ಯಾರೂ ಇಲ್ಲ. ಮನೆ ತೆರಿಗೆ, ಜನನ ಮರಣ, ಓನರ್‌ಶಿಪ್ ಪಂಚಾಯತಿನಲ್ಲಿ. ಎರಡೂ ಕಟ್ಟಡ ಅಕ್ಕಪಕ್ಕ ಇರುವ ಊರುಗಳಲ್ಲಿ ಜನ ಇಲ್ಲಿಂದ ಅಲ್ಲಿಗೆ ಅಲ್ಲಿಂದ ಇಲ್ಲಿಗೆ ನಡೆದೇ ಅರ್ಧ ದಿನ ಕಳೆಯುತ್ತಾರೆ.

ಗ್ರಾಮಸಭೆಗೆ ಬರೋಣ. ನನ್ನ ಮಟ್ಟಿಗೆ ಚುನಾಯಿತರನ್ನು ಪರಿಚಯ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಕೇರಳದ ಪಂಚಾಯತು ಕಾನೂನು 1994ರದ್ದು. ಅದರ ಪ್ರಕಾರ ಪ್ರತಿ ವಾರ್ಡಿಗೂ ಒಂದು ಗ್ರಾಮಸಭೆ. ಕರ್ನಾಟಕದ ನೆಂಟರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ, ಒಂದು ವಾರ್ಡಿಗೇ ಒಂದಾ ಅಂತ ಕೇಳುತ್ತಾರೆ. ವಾರ್ಡಿನ ಮತದಾರರೆಲ್ಲ ಅದರ ಸದಸ್ಯರು, ಮೆಂಬರ್ ಅದರ ಕನ್ವೀನರ್. ಮೂರು ತಿಂಗಳಿಗೊಮ್ಮೆ ಕರೆಯಲೇಬೇಕು. ಎರಡು ಸಲ ಒಟ್ಟಿಗೆ ಕರೆಯದಿದ್ದರೆ ಮೆಂಬರಿನ ಸದಸ್ಯತ್ವಕ್ಕೇ ಕುತ್ತು. ನೂರರಲ್ಲಿ ಹತ್ತು ಜನ ಬಂದರೆ ಕೋರಂ.

ಆ ಹತ್ತು ಜನ ಹೇಗೆ ಆಗುತ್ತಾರೆ ಅಂತ ನೋಡಬೇಕು. ಶಾಲೆಯ ಹಾಲ್, ಮಕ್ಕಳ ಬೆಂಚು. ಬಾಗಿಲ ಹತ್ತಿರ ಒಂದು ಮೇಜು, ಅದರ ಮೇಲೆ ಹಾಜರಿ ಪುಸ್ತಕ. ಕುಟುಂಬಶ್ರೀ ಎಂಬ ಹೆಂಗಸರ ಸ್ವಸಹಾಯ ಸಂಘದ ಅಕ್ಕಂದಿರು ಗುಂಪಾಗಿ ಬಂದು ಒಬ್ಬರ ಹಿಂದೆ ಒಬ್ಬರು ಸಹಿ ಹಾಕುತ್ತಾರೆ. ಗಂಡಸರು ಕಡಿಮೆ. ಬಂದವರೂ ಹೊರಗೆ ಜಗಲಿಯಲ್ಲಿ ನಿಂತು ಅಡಕೆ ರೇಟು ಮಾತಾಡುತ್ತಾರೆ. ಒಳಗೆ ಫಾರ್ಮು ಹಂಚುವುದು ಶುರುವಾದ ಕೂಡಲೇ ಎಲ್ಲರೂ ಒಳಗೆ. ತೆಂಗಿನ ಗೊಬ್ಬರಕ್ಕೆ ಒಂದು ಫಾರ್ಮು, ಕೋಳಿ ಮರಿಗೆ ಒಂದು, ಹಟ್ಟಿ ರಿಪೇರಿಗೆ ಒಂದು, ನೀರಿನ ಟ್ಯಾಂಕಿಗೆ ಒಂದು. ಫಾರ್ಮು ಸಿಕ್ಕಿದ ಮೇಲೆ ಚಾ, ಬಿಸ್ಕೆಟು. ಚಾ ಕುಡಿದ ಮೇಲೆ ಹಾಲ್ ಅರ್ಧ ಖಾಲಿ. ನಿಜವಾದ ಸಭೆ ಆಮೇಲೆ ಶುರುವಾಗುತ್ತದೆ, ಬೆಂಚಿನಲ್ಲಿ ಉಳಿದವರ ಜೊತೆ. ಯಾರಿಗೆ ಮನೆ, ಯಾರಿಗೆ ಎಷ್ಟು ಮಾರ್ಕು, ಯಾವ ರಸ್ತೆಗೆ ಎಷ್ಟು ಎಂಬ ಪಟ್ಟಿ ಓದುವುದು ಆಗ.

1996ರಲ್ಲಿ ಜನಕೀಯಾಸೂತ್ರಣ, ಅಂದರೆ ಊರಿನ ಯೋಜನೆ ಜನರೇ ಹಾಕುವ ಕಾರ್ಯಕ್ರಮ, ಶುರುವಾದಾಗ ರಾಜ್ಯದ ಯೋಜನಾ ಹಣದಲ್ಲಿ ನೂರಕ್ಕೆ 35ರಿಂದ 40 ಭಾಗ ಪಂಚಾಯತು, ಮುನಿಸಿಪಾಲಿಟಿಗಳಿಗೆ ಬಿಟ್ಟುಕೊಡುವುದು ಎಂದು ತೀರ್ಮಾನ ಆಯಿತು. ಸಣ್ಣ ವಿಷಯ ಅಲ್ಲ. ಆ ಹಣದ ಯೋಜನೆ ಹಾಕುವುದು ಈ ಬೆಂಚುಗಳ ಮೇಲಿನಿಂದ ಅಂತ ಕಾನೂನು ಹೇಳುತ್ತದೆ. ನಾವು ಕೋಳಿ ಮರಿ ಫಾರ್ಮು ತೆಗೆದುಕೊಂಡು ಬಸ್ಸು ಹಿಡಿಯುತ್ತೇವೆ.

ನಮ್ಮ ಬೈಲಿನ ರಸ್ತೆಯ ಕತೆ ಹೇಳುತ್ತೇನೆ. ಮೇಲಿನ ಟಾರು ರಸ್ತೆಯಿಂದ ಗುಡ್ಡೆ ಇಳಿದು, ತೋಡು ದಾಟಿ, ಬೈಲಿಗೆ ಬರುವ ಮಣ್ಣಿನ ದಾರಿ. ಅಜ್ಜಂದಿರ ಕಾಲದಲ್ಲಿ ಎಲ್ಲರೂ ಸೇರಿ ಕಡಿದದ್ದು. ಮಳೆಗಾಲದಲ್ಲಿ ಜೀಪು ಕೂಡ ಇಳಿಯುವುದಿಲ್ಲ. ಪ್ರತಿ ಚುನಾವಣೆಗೂ ಕಾಂಕ್ರೀಟು ಮಾಡಿಸುತ್ತೇವೆ ಅನ್ನುತ್ತಿದ್ದರು. ಗೆದ್ದ ಮೇಲೆ ಕೇಳಿದರೆ "ಫಂಡ್ ಇಲ್ಲ". ಪಕ್ಷ ಬದಲಾಯಿತು, ಮೆಂಬರ್ ಬದಲಾದರು, ಉತ್ತರ ಬದಲಾಗಲಿಲ್ಲ. ನಾವೂ ಬೈದು ಬೈದು ಸುಮ್ಮನಾದೆವು.

ಒಂದು ಗ್ರಾಮಸಭೆಯಲ್ಲಿ ಚಾ ಆದ ಮೇಲೂ ಕೂತಿದ್ದ ರಿಟೈರ್ಡ್ ಮಾಸ್ಟ್ರೊಬ್ಬರು ಎದ್ದು ಕೇಳಿದರು. "ಆ ರಸ್ತೆ ಪಂಚಾಯತಿನ ಆಸ್ತಿ ರಿಜಿಸ್ಟರಿನಲ್ಲಿ ಉಂಟಾ?" ಆಫೀಸಿನಿಂದ ಬಂದಿದ್ದ ಕ್ಲಾರ್ಕ್ ಪುಸ್ತಕ ತೆಗೆದು ನೋಡಿದರು. ಇರಲಿಲ್ಲ. ಅಂದರೆ ಕಾಗದದ ಪ್ರಕಾರ ಅಲ್ಲಿ ರಸ್ತೆಯೇ ಇಲ್ಲ. ಇದ್ದದ್ದು ನಾಲ್ಕೈದು ಮನೆಯವರ ಪಟ್ಟಾ ಜಾಗ. ರಿಜಿಸ್ಟರಿನಲ್ಲಿ ಇಲ್ಲದ ರಸ್ತೆಗೆ ಪಂಚಾಯತು ದುಡ್ಡು ಹಾಕುವಂತಿಲ್ಲ. ಹಾಕಿದರೆ ಆಡಿಟಿನಲ್ಲಿ ಹಿಡಿಯುತ್ತಾರೆ. ಇಷ್ಟು ವರ್ಷ ಯಾರೂ ಇದನ್ನು ಬಾಯಿ ಬಿಟ್ಟು ಹೇಳಿರಲಿಲ್ಲ. ಫಂಡ್ ಇಲ್ಲ ಅನ್ನುವುದು ಸುಲಭ. ಮೊದಲು ಜಾಗ ಬಿಟ್ಟುಕೊಟ್ಟು ಸಹಿ ಹಾಕಿ ಅಂತ ಹೇಳಿದರೆ ವೋಟು ಹೋಗುತ್ತದೆ, ಅಲ್ವಾ?

ಆಗ ಇದ್ದ ಮೆಂಬರ್ ಒಬ್ಬರು ಹೆಂಗಸು. ಕುಟುಂಬಶ್ರೀಯಿಂದ ಮೇಲೆ ಬಂದವರು. ನಾವೆಲ್ಲ ಮೆಂಬ್ರಕ್ಕ ಎಂದೇ ಕರೆಯುವುದು. ಅವರು ಅದೇ ವಾರ ಮನೆ ಮನೆಗೆ ಹೊರಟರು. ಎಲ್ಲರೂ ಒಪ್ಪಿದರು, ಒಂದು ಮನೆ ಬಿಟ್ಟು. ಆ ಮನೆಯ ಅಜ್ಜಿಗೆ ಆಚೆಯ ಮನೆಯವರ ಜೊತೆ ಹಳೆಯ ಗಡಿ ತಕರಾರು. ಮೆಂಬ್ರಕ್ಕ ಹೋಗಿ ಜಗಲಿಯಲ್ಲಿ ಕೂತರು. ಬೆಲ್ಲ ನೀರು ಕುಡಿದರು. ಹಲಸಿನ ಹಪ್ಪಳದ ಮಾತಾಯಿತು, ಅಜ್ಜಿಯ ಮಂಡಿನೋವಿನ ಮಾತಾಯಿತು. ರಸ್ತೆಯ ಸುದ್ದಿಯೇ ಇಲ್ಲ. ಹೊರಡುವಾಗ ಮಾತ್ರ, "ಅಜ್ಜೀ, ನಿಮ್ಮನ್ನು ಆಸ್ಪತ್ರೆಗೆ ಕೊಂಡೋಗಬೇಕಾದರೆ ಈಗ ನಾಲ್ಕು ಜನ ಕುರ್ಚಿಯಲ್ಲಿ ಹೊರಬೇಕು" ಅಂದರು. ಇನ್ನೂ ಕೆಲವು ಸಲ ಹೋಗಬೇಕಾಯಿತು. ಕೊನೆಗೆ ಅಜ್ಜಿ ಹೆಬ್ಬೆಟ್ಟು ಒತ್ತಿದರು. ಆಚೆ ಮನೆಯವರು ಮೊದಲು ಸಹಿ ಹಾಕಿದ ಮೇಲೆ, ಅವರ ಸಹಿಯನ್ನು ಕಣ್ಣಾರೆ ನೋಡಿದ ಮೇಲೆ. ರಸ್ತೆ ರಿಜಿಸ್ಟರಿಗೆ ಸೇರಿತು. ತೋಡಿನವರೆಗೆ ಕಾಂಕ್ರೀಟು ಆಗಿದೆ. ಸಂಕದಿಂದ ಈಚೆ ಇನ್ನೂ ಮಣ್ಣೇ.

2010ರ ಚುನಾವಣೆಯಿಂದ ಕೇರಳದ ಪಂಚಾಯತುಗಳಲ್ಲಿ ಅರ್ಧ ಸೀಟು ಹೆಂಗಸರಿಗೆ. ವಾರ್ಡ್ ಮೀಸಲಾತಿ ಪ್ರತಿ ಅವಧಿಗೂ ಬದಲಾಗುವುದರಿಂದ, ಚೆನ್ನಾಗಿ ಕೆಲಸ ಕಲಿತ ಮೆಂಬರ್ ಮುಂದಿನ ಸಲ ಅದೇ ವಾರ್ಡಿನಲ್ಲಿ ನಿಲ್ಲುವುದೇ ಕಷ್ಟ. ಇದು ನನಗೆ ಬೇಜಾರಿನ ವಿಷಯ. ಐದು ವರ್ಷದಲ್ಲಿ ರಿಜಿಸ್ಟರು, ಪ್ಲಾನು, ಆಡಿಟು ಎಲ್ಲ ತಿಳಿದುಕೊಳ್ಳುವ ಹೊತ್ತಿಗೆ ಮನೆಗೆ ಹೋಗಬೇಕು. 2025ರ ಡಿಸೆಂಬರ್ ಚುನಾವಣೆಗೆ ಮೊದಲು ವಾರ್ಡುಗಳನ್ನೇ ಹೊಸದಾಗಿ ಭಾಗ ಮಾಡಿದರು, ಸಂಖ್ಯೆಯೂ ಜಾಸ್ತಿಯಾಯಿತು. ತಮ್ಮ ಮನೆ ಈಗ ಯಾವ ವಾರ್ಡಿನಲ್ಲಿದೆ ಎಂದು ಗೊತ್ತಿಲ್ಲದವರು ಇನ್ನೂ ಇದ್ದಾರೆ. ಮೊದಲು ಅದನ್ನು ತಿಳಿದುಕೊಂಡರೆ ಉಳಿದದ್ದು ಸುಲಭ.

ಇನ್ನು ಎಂಎಲ್‌ಎ. ನಮ್ಮಲ್ಲಿ ಎಂಎಲ್‌ಎಯನ್ನು ಅಳೆಯುವುದು ಮದುವೆ, ಉರೂಸು, ಭೂತಕೋಲ, ಯಕ್ಷಗಾನದ ಲೆಕ್ಕದಲ್ಲಿ. "ನಮ್ಮ ಮಗಳ ಮದುವೆಗೆ ಬಂದಿದ್ದರು, ಒಳ್ಳೆಯ ಜನ." ಬರಲಿ, ಬೇಡ ಅನ್ನುವುದಿಲ್ಲ. ಆದರೆ ಅವರನ್ನು ಕಳಿಸಿದ್ದು ಮದುವೆ ಊಟಕ್ಕಲ್ಲ.

ಮಂಜೇಶ್ವರಕ್ಕೆ ಈ ವಿಷಯದಲ್ಲಿ ದೊಡ್ಡ ಚರಿತ್ರೆ ಉಂಟು. 1956ರ ನವೆಂಬರ್ 1ಕ್ಕೆ ನಾವು ಕೇರಳದವರಾದೆವು. ಮರುವರ್ಷವೇ ಮೊದಲ ಚುನಾವಣೆ. ಇಲ್ಲಿಂದ ಎಂ. ಉಮೇಶ ರಾವ್ ಪಕ್ಷೇತರರಾಗಿ ಅವಿರೋಧವಾಗಿ ಗೆದ್ದರು, ಎದುರು ನಿಂತವರೇ ಇಲ್ಲ. ಆಮೇಲೆ 1960ರಲ್ಲಿ, 1967ರಲ್ಲಿ ಕಳ್ಳಿಗೆ ಮಹಾಬಲ ಭಂಡಾರಿ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂಬ ಕೂಗು ಜೋರಾಗಿದ್ದ ಕಾಲ ಅದು. ಕೇರಳ ವಿಧಾನಸಭೆಗೆ ಸೇರಿದವರಲ್ಲ ನಾವು ಎಂದು ಹೇಳುವುದಕ್ಕೇ ಅದೇ ಸಭೆಗೆ ಒಬ್ಬರನ್ನು ಆರಿಸಿ ಕಳಿಸಿದ ಹಾಗಾಯಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಎಂದಿತು. ವರದಿ ಹಾಗೇ ಉಳಿಯಿತು. ಮುಂದೆ ಎಡಪಕ್ಷದ ಎಂ. ರಾಮಪ್ಪ ಬಂದರು, ಎ. ಸುಬ್ಬರಾವ್ ಬಂದರು. ಸುಬ್ಬರಾವ್ ಮಂತ್ರಿಯೂ ಆದರು. 1987ರಿಂದ ನಾಲ್ಕು ಸಲ ಚೆರ್ಕಳಂ ಅಬ್ದುಲ್ಲ. ಕೂಗು ತಣ್ಣಗಾದ ಹಾಗೆ ನಮ್ಮ ಆಸಕ್ತಿಯೂ ತಣ್ಣಗಾಯಿತೇನೋ. ಕರ್ನಾಟಕಕ್ಕೆ ಸೇರುವುದು ಆಗಲಿಲ್ಲ, ಸೇರಿದ ರಾಜ್ಯದ ಕಡೆ ಮುಖ ತಿರುಗಿಸುವುದಕ್ಕೂ ಮನಸ್ಸು ಬರಲಿಲ್ಲ.

ವೋಟಿನ ಬೆಲೆ ಮಾತ್ರ ಇಲ್ಲಿ ಕಡಿಮೆಯಿಲ್ಲ. 2016ರಲ್ಲಿ ಪಿ.ಬಿ. ಅಬ್ದುಲ್ ರಝಾಕ್ ಗೆದ್ದದ್ದು 89 ವೋಟಿನಿಂದ. 2021ರಲ್ಲಿ ಎ.ಕೆ.ಎಂ. ಅಶ್ರಫ್ ಗೆದ್ದದ್ದು 745ರಿಂದ. ಒಂದು ದೊಡ್ಡ ಮದುವೆಯ ಹಾಲಿನಲ್ಲಿ ಊಟಕ್ಕೆ ಕೂತವರು ಇದಕ್ಕಿಂತ ಜಾಸ್ತಿ ಇರುತ್ತಾರೆ.

ಅಶ್ರಫ್ 2021ರಲ್ಲಿ ಕನ್ನಡದಲ್ಲಿ ಪ್ರಮಾಣವಚನ ತೆಗೆದುಕೊಂಡರು. ಆ ವಿಡಿಯೋ ನಮ್ಮ ಎಲ್ಲ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿತು. ಖುಷಿಯ ವಿಷಯವೇ, ನನಗೂ ಖುಷಿಯಾಯಿತು. ಆದರೆ ಆ ವಿಡಿಯೋ ಹಂಚಿದವರಲ್ಲಿ ಎಷ್ಟು ಜನ ಆಮೇಲೆ ಅವರು ಸಭೆಯಲ್ಲಿ ಕೇಳಿದ ಪ್ರಶ್ನೆಗಳನ್ನು ನೋಡಿದ್ದಾರೆ? ಕೇರಳ ವಿಧಾನಸಭೆಯ ವೆಬ್‌ಸೈಟಿನಲ್ಲಿ ಶಾಸಕರು ಕೇಳಿದ ಪ್ರಶ್ನೆ, ಮಂತ್ರಿ ಕೊಟ್ಟ ಉತ್ತರ ಇರುತ್ತವೆ. ಸಭಾ ಟಿವಿಯಲ್ಲಿ ಕಲಾಪ ಬರುತ್ತದೆ. ಎಲ್ಲ ಮಲಯಾಳದಲ್ಲಿ, ನಿಜ. ಆದರೆ ಮಲಯಾಳ ಸಿನಿಮಾ ಸಬ್‌ಟೈಟಲ್ ಇಲ್ಲದೆ ನೋಡುವವರೇ ನಾವು. ಓದಲು ಕಷ್ಟವಾದರೆ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಅವರಿಗೆ ಶಾಲೆಯಲ್ಲಿ ಮಲಯಾಳ ಕಡ್ಡಾಯ ಮಾಡಿ 2017ರಲ್ಲಿ ಕಾನೂನೇ ಬಂದಿದೆ. ಆ ಕಾನೂನಿನ ವಿರುದ್ಧ ಮೆರವಣಿಗೆ ಮಾಡಿದ್ದು ಸರಿಯೇ, ಮಕ್ಕಳು ಕಲಿತದ್ದನ್ನು ಹೀಗೆ ಉಪಯೋಗಿಸಿಕೊಳ್ಳುವುದೂ ಸರಿಯೇ.

ಎಂಎಲ್‌ಎ ಹತ್ತಿರ ಕೇಳಬೇಕಾದದ್ದು ಬೇರೆ ರೀತಿಯದ್ದು. ಕನ್ನಡ ಶಾಲೆಗೆ ಕನ್ನಡ ಬಾರದ ಮಾಸ್ಟ್ರನ್ನು ಹಾಕಿದ ತಕರಾರು ನಮ್ಮ ಜಿಲ್ಲೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಗಣಿತದ ಕ್ಲಾಸಿನಲ್ಲಿ ಮಕ್ಕಳಿಗೆ ಟೀಚರ್ ಹೇಳುವುದು ತಿಳಿಯುವುದಿಲ್ಲ, ಟೀಚರಿಗೆ ಮಕ್ಕಳು ಕೇಳುವುದು ತಿಳಿಯುವುದಿಲ್ಲ. ಇದು ವಾರ್ಡ್ ಮೆಂಬರಿನಿಂದ ಆಗುವ ಕೆಲಸ ಅಲ್ಲ. ನೇಮಕ ಮಾಡುವುದು ಪಿಎಸ್‌ಸಿ (ಕೇರಳದ ಲೋಕಸೇವಾ ಆಯೋಗ) ಮತ್ತು ಶಿಕ್ಷಣ ಇಲಾಖೆ. ಕನ್ನಡ, ಮಲಯಾಳ ಎರಡೂ ತಿಳಿದವರಿಗೆಂದೇ ಪಿಎಸ್‌ಸಿ ಕಾಸರಗೋಡಿನಲ್ಲಿ ಕ್ಲಾರ್ಕ್ ಹುದ್ದೆಗಳನ್ನು ಕರೆಯುತ್ತದೆ. ಅಂಥ ಹುದ್ದೆ ಎಷ್ಟು ಖಾಲಿ ಇದೆ, ಯಾಕೆ ಖಾಲಿ ಇದೆ ಎಂದು ಸಭೆಯಲ್ಲಿ ಎದ್ದು ಕೇಳಬೇಕಾದವರು ಎಂಎಲ್‌ಎ. ಒಂದು ಪ್ರಶ್ನೆ ಹಾಕಿದರೆ ಮಂತ್ರಿ ಲೆಕ್ಕ ಕೊಡಲೇಬೇಕು. ನಾವು ಅವರ ಹತ್ತಿರ ಬಸ್ ಸ್ಟ್ಯಾಂಡಿಗೆ ಲೈಟು ಕೇಳುತ್ತೇವೆ. ಅವರಿಗೂ ಲೈಟು ಹಾಕಿಸುವುದೇ ಆರಾಮ, ಕಂಬದ ಮೇಲೆ ಹೆಸರು ಬರೆಯಬಹುದಲ್ಲ.

ಎಂಪಿ ವಿಷಯ ಬೇಗ ಮುಗಿಸುತ್ತೇನೆ. ಕಾಸರಗೋಡು ಲೋಕಸಭಾ ಕ್ಷೇತ್ರದಲ್ಲಿ ಏಳು ವಿಧಾನಸಭಾ ಕ್ಷೇತ್ರ, ಅದರಲ್ಲಿ ಪಯ್ಯನ್ನೂರು ಮತ್ತು ಕಲ್ಯಾಶ್ಶೇರಿ ಕಣ್ಣೂರು ಜಿಲ್ಲೆಯವು. ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅಂಥವರು ಗೆದ್ದ ಸೀಟು ಇದು. 1980ರಲ್ಲಿ ಎಂ. ರಾಮಣ್ಣ ರೈ, 1984ರಲ್ಲಿ ಐ. ರಾಮ ರೈ. ಒಬ್ಬರು ಮಾರ್ಕ್ಸಿಸ್ಟ್, ಇನ್ನೊಬ್ಬರು ಕಾಂಗ್ರೆಸ್. ಈಗಿನ ಹುಡುಗರಿಗೆ ಹೇಳಿದರೆ ನಮ್ಮ ಕಡೆಯವರು ದೆಹಲಿಗೆ ಹೋಗಿದ್ದರಾ ಎಂದು ಕೇಳುತ್ತಾರೆ. ಎಂಪಿ ನಿಧಿ ವರ್ಷಕ್ಕೆ ಐದು ಕೋಟಿ. ಏಳಕ್ಕೆ ಭಾಗ ಮಾಡಿದರೆ ನಮ್ಮ ಪಾಲಿಗೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ. ರೈಲ್ವೆ, ಹೆದ್ದಾರಿ ಬಿಟ್ಟು ಬೇರೆ ವಿಷಯಕ್ಕೆ ಅವರ ಹಿಂದೆ ಓಡುವುದರಲ್ಲಿ ನನಗೆ ಜಾಸ್ತಿ ಅರ್ಥ ಕಾಣುವುದಿಲ್ಲ.

ಪರಿಚಯ ಮಾಡಿಕೊಳ್ಳುವುದು ಅಂದರೆ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಳ್ಳುವುದಲ್ಲ. ಎಲ್ಲದಕ್ಕೂ "ಆಯಿತು, ಮಾಡುವ" ಅನ್ನುವ ಮೆಂಬರಿಗಿಂತ "ಇದು ನನ್ನಿಂದ ಆಗುವುದಿಲ್ಲ, ಬ್ಲಾಕಿಗೆ ಬರೆಯಿರಿ" ಅನ್ನುವವರು ನನಗೆ ಇಷ್ಟ. ಅಂಥವರನ್ನು ಗುರುತಿಸಬೇಕಾದರೆ ಯಾವುದು ಯಾರ ಕೆಲಸ ಎಂದು ನಮಗೂ ಸ್ವಲ್ಪ ತಿಳಿದಿರಬೇಕು. ಚುನಾವಣೆಗೆ ನಿಂತ ಎಂಎಲ್‌ಎ, ಎಂಪಿ ಅಭ್ಯರ್ಥಿಗಳ ಅಫಿಡವಿಟ್ ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಸಿಗುತ್ತದೆ. ಆಸ್ತಿ, ಸಾಲ, ಕೇಸು, ಓದು ಎಲ್ಲ. ಮಗಳಿಗೆ ಗಂಡು ನೋಡುವಾಗ ಮಾಡುವಷ್ಟು ವಿಚಾರಣೆಯ ಅರ್ಧ ಮಾಡಿದರೂ ಸಾಕು.

ಭಾಷೆಯ ಬಗ್ಗೆ ಒಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. 1969ರ ಕೇರಳ ಆಡಳಿತ ಭಾಷಾ ಕಾನೂನಿನಲ್ಲಿ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಅವರವರ ಭಾಷೆಯಲ್ಲೇ ಸರ್ಕಾರಕ್ಕೆ ಬರೆಯುವ ಹಕ್ಕಿದೆ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಗುರುತಿಸಿದ ಕಡೆಯ ಸ್ಥಳೀಯ ಆಫೀಸುಗಳಿಗೂ ಇದು ಅನ್ವಯ. ಆದರೆ ನಾವೇ ಆಫೀಸಿಗೆ ಹೋದ ಕೂಡಲೇ ಮಲಯಾಳದಲ್ಲಿ ಅರ್ಜಿ ಬರೆದುಕೊಡುವವರನ್ನು ಹುಡುಕುತ್ತೇವೆ.

ನಾವು ಕೆಲವರು ಸೇರಿ ಅಂಗನವಾಡಿ ಕಟ್ಟಡದ ವಿಷಯಕ್ಕೆ ಒಂದು ಇಲಾಖೆಗೆ ಕನ್ನಡದಲ್ಲಿ ಬರೆದೆವು. ಉತ್ತರ ಬಂತು, ಮಲಯಾಳದಲ್ಲಿ. ಈ ಸಲ 1969ರ ಕಾನೂನನ್ನು ನೆನಪಿಸಿ ಎರಡನೇ ಪತ್ರ ಹಾಕಿದ್ದೇವೆ. ಹೊಸ ಮೆಂಬರ್ ಅದರ ಪ್ರತಿ ಪಂಚಾಯತು ಅಧ್ಯಕ್ಷರಿಗೂ ಕೊಟ್ಟಿದ್ದಾರೆ. ಎಂಎಲ್‌ಎ ಆಫೀಸಿಗೆ ಫೋನ್ ಮಾಡಿದಾಗ ಅಲ್ಲಿದ್ದವರು, "ಒಂದು ಪತ್ರದಿಂದ ಏನೂ ಆಗುವುದಿಲ್ಲ ಮಾರಾಯ್ರೇ, ಹತ್ತು ಆಫೀಸಿನದ್ದು ವಿವರ ಕೊಡಿ, ಸಭೆಯಲ್ಲಿ ತರಬಹುದಾ ನೋಡುವ" ಅಂದರು. ನ್ಯಾಯವಾದ ಮಾತು. ಹಾಗಾಗಿ ಈಗ ವಿವರ ಒಟ್ಟು ಮಾಡುತ್ತಿದ್ದೇವೆ. ನಿಮ್ಮ ಕಡೆ ಯಾವುದಾದರೂ ಆಫೀಸಿನಲ್ಲಿ ಫಾರ್ಮು ಮಲಯಾಳದಲ್ಲಿ ಮಾತ್ರ ಇದ್ದರೆ, ಅಥವಾ ಕನ್ನಡ ಅರ್ಜಿ ವಾಪಸು ಕೊಟ್ಟರೆ, ಒಂದು ಫೋಟೋ ತೆಗೆದಿಡಿ. ಆಫೀಸಿನ ಹೆಸರು, ತಾರೀಕು ಬರೆದು ನಿಮ್ಮ ಮೆಂಬರ್ ಕೈಯಲ್ಲಿ ಕೊಡಿ. ಮೆಂಬರ್ ಯಾರು ಅಂತ ಗೊತ್ತಿಲ್ಲದಿದ್ದರೆ ಕುಟುಂಬಶ್ರೀಯ ಅಕ್ಕಂದಿರನ್ನು ಕೇಳಿ, ಅವರ ಹತ್ತಿರ ನಂಬರ್ ಇರುತ್ತದೆ.